ಅವ್ವನ ಸಾವು ಅಚ್ಚಾದದ್ದು

ರಾತ್ರಿ ತಲಬಾಗಿಲಿಗೆ ಬೀಳುತ್ತಿದ್ದ ಅಗಳಿಯೊಂದನ್ನು ಬಿಟ್ಟರೆ ಯಳವಿ ಊರಿನ ನಮ್ಮ ಮನೆಯ ಯಾವ ಕದಕ್ಕೂ ಒಳಗಿನ ಚಿಲಕ ಇರಲಿಲ್ಲ. ಒಳಗೆ ಕೂತು, ತನ್ನ ಮೇಲೆ ತಾನೇ ಬಾಗಿಲು ಹಾಕಿಕೊಳ್ಳುವ ಮನುಷ್ಯನೊಬ್ಬ ಈ ವಂಶದಲ್ಲಿ ಹುಟ್ಟಿಬರಬಹುದೆಂಬ ಊಹೆ ಮನೆ ಕಟ್ಟಿಸಿದ ಮುತ್ಯಾನಿಗೂ ಬಂದಿರಲಿಲ್ಲ, ಕದ ಕೆತ್ತಿದ ಬಡಿಗನಿಗೂ ಬಂದಿರಲಿಲ್ಲ. ಅಪ್ಪ, ಅವ್ವ, ಇಬ್ಬರು ಕಾಕಂದಿರು, ಅವರ ಹೆಂಡಿರಾದ ಕಾಕುಗಳು, ಮಕ್ಕಳು, ಎಲ್ಲ ಸೇರಿ ಹದಿನಾಲ್ಕು ಮಂದಿ ಇದ್ದೆವು. ಮಳೆ ಹಿಡಿದಾಗ ಎಳೆಯ ಕುರಿಮರಿಗಳೂ ಒಳಗೆ ಬರುತ್ತಿದ್ದುದರಿಂದ ಆಗ ಎಷ್ಟು ಜೀವ ಎಂದು ಹೇಳುವುದು ಕಷ್ಟವಾಗುತ್ತಿತ್ತು. ಇಂಥ ಮನೆಯಲ್ಲಿ, ಜೋಳದ ಚೀಲ ಒಟ್ಟಿದ ಕೋಣೆಯ ಮೂಲೆಯಲ್ಲಿ, ತಲೆಯ ಮೇಲೆ ಕಂಬಳಿ ಎಳೆದುಕೊಂಡು ಕೂತು, ನಾನು ನಗರದ ಒಂಟಿತನದ ಕವಿತೆಗಳನ್ನು ಓದುತ್ತಿದ್ದೆ ಎಂದರೆ ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ, ನಾನು ಈಗ ನಗುತ್ತಲೇ ಬರೆಯುತ್ತಿದ್ದೇನೆ.

ಅರವತ್ತರ ದಶಕದ ನಡುಮಧ್ಯದ ಮಾತು. ನಾನು ಊರ ಕನ್ನಡ ಶಾಲೆಯ ಮಾಸ್ತರ. ರಾಜ್ಯ ಮಹಾರಾಷ್ಟ್ರದ್ದು, ಕಚೇರಿಯ ಕಾಗದ ಮರಾಠಿಯದು, ಮನೆಯ ಮಾತು ಕನ್ನಡದ್ದು, ಮತ್ತು ತಿಂಗಳಿಗೊಮ್ಮೆ ಗಡಿಯಾಚೆಯಿಂದ ಬರುವ ಸಾಹಿತ್ಯ ಪತ್ರಿಕೆಯೊಂದು ನನ್ನ ಪಾಲಿನ ಪ್ರಸಾದ. ಅದು ಜತ್ತದ ಅಂಚೆಯಲ್ಲಿ ಎರಡು ದಿನ ವಿಶ್ರಮಿಸಿ, ಅಲ್ಲಿಂದ ನಮ್ಮೂರಿಗೆ ಬರುವ ಹೊತ್ತಿಗೆ ಅಂಚುಗಳೆಲ್ಲ ಮುದುಡಿ, ಯಾರೋ ಒಮ್ಮೆ ಓದಿ ಬಿಸಾಕಿದ ಹಾಗೆ ಕಾಣುತ್ತಿತ್ತು. ಆದರೂ ನನಗೆ ಅದು ಹೊಸ ಲೋಕದ ಕಿಟಕಿ. ಆ ಕಿಟಕಿಯಲ್ಲಿ ಆಗ ಒಂದೇ ದೃಶ್ಯ: ನಗರ. ಅಲ್ಲೊಬ್ಬ ಬಾಡಿಗೆ ಕೋಣೆಯಲ್ಲಿ ಮಲಗಿ ತಿರುಗುವ ಫ್ಯಾನು ನೋಡುತ್ತಿದ್ದಾನೆ. ಇನ್ನೊಬ್ಬ ಬಸ್ಸಿನ ಗದ್ದಲದಲ್ಲಿ ನಿಂತು ತಾನು ಯಾರೆಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಾನೆ. ಮತ್ತೊಬ್ಬನಿಗೆ ಗೋಡೆಯಾಚೆ ಕೆಮ್ಮುವ ನೆರೆಯವನ ಹೆಸರು ಹತ್ತು ವರ್ಷವಾದರೂ ಗೊತ್ತಿಲ್ಲ. ಎಲ್ಲರೂ ಕನ್ನಡಿ ನೋಡಿಕೊಳ್ಳುತ್ತಾರೆ, ಎಲ್ಲರಿಗೂ ಅಲ್ಲಿ ಅಪರಿಚಿತನೊಬ್ಬ ಕಾಣಿಸುತ್ತಾನೆ. ನಮ್ಮ ಮನೆಯಲ್ಲಿ ಇದ್ದದ್ದು ಅಂಗೈಯಗಲದ ಒಂದೇ ಕನ್ನಡಿ. ಅದರ ಮುಂದೆ ನಿಂತರೆ ಹಿಂದಿನಿಂದ ಇಬ್ಬರು ಕಾಕುಗಳ ಕುಂಕುಮ, ಒಬ್ಬ ಕಾಕಾನ ಮೀಸೆ ಎಲ್ಲವೂ ಒಟ್ಟಿಗೆ ಕಾಣಿಸಿಕೊಂಡು, ನನ್ನ ಮುಖಕ್ಕೆ ಜಾಗವೇ ಉಳಿಯುತ್ತಿರಲಿಲ್ಲ.

ಆ ಕವಿಗಳನ್ನು ನಾನು ಹಾಸ್ಯ ಮಾಡುತ್ತಿಲ್ಲ. ಅವರಲ್ಲಿ ಅನೇಕರು ಹಳ್ಳಿಯಿಂದಲೇ ನಗರಕ್ಕೆ ಹೋದವರು. ಹೋದಲ್ಲಿ ಕರೆಯುವವರಿಲ್ಲದೆ, ಬೈಯುವವರೂ ಇಲ್ಲದೆ, ಒಳಗೇ ಬೆಂದವರು. ಅವರ ಸಂಕಟ ಅಸಲಿಯದು. ನನ್ನದು ಮಾತ್ರ ಬೇರೆಯವರ ಅಂಗಿ ತೊಟ್ಟು ಲಗ್ನಕ್ಕೆ ಹೋದ ಹಾಗಿನದು. ತೋಳು ಉದ್ದವಾಗಿದ್ದರೂ ಹೊಸದೆಂಬ ಹಿಗ್ಗು. ಒಳ್ಳೆಯ ಕವಿಯಾಗಬೇಕಾದರೆ ಮೊದಲು ಒಂಟಿಯಾಗಬೇಕು ಎಂದು ನಾನು ತೀರ್ಮಾನಿಸಿದೆ. ಮತ್ತು ಯಳವಿಯಲ್ಲಿ ಒಂಟಿಯಾಗುವುದು ಎಂಥ ಕಠಿಣ ತಪಸ್ಸೆಂಬುದು ಆಮೇಲೆ ತಿಳಿಯಿತು.

ಸಂಜೆ ಶಾಲೆ ಬಿಟ್ಟ ಮೇಲೆ ಊರಾಚೆಯ ಬಂಡೆಯೊಂದರ ಮೇಲೆ ಹೋಗಿ ಕೂರುತ್ತಿದ್ದೆ. ಮುಂದೆ ಬಯಲು, ಅಲ್ಲಲ್ಲಿ ಜಾಲಿ, ದೂರದಲ್ಲಿ ಧೂಳೆಬ್ಬಿಸಿಕೊಂಡು ಬರುವ ಕುರಿಹಿಂಡು. ಒಂಟಿತನಕ್ಕೆ ಇದಕ್ಕಿಂತ ಸೊಗಸಾದ ಏರ್ಪಾಡು ಬೇಕೆ? ಆದರೆ ನಮ್ಮ ಕಡೆ ಒಂದು ರೂಢಿ: ಒಬ್ಬನೇ ಕೂತವನನ್ನು ಹಾಗೇ ಬಿಟ್ಟು ಮುಂದೆ ಹೋಗಬಾರದು. ಒಬ್ಬನೇ ಕೂತಿದ್ದಾನೆ ಎಂದರೆ ಮನೆಯಲ್ಲಿ ಜಗಳವಾಗಿರಬೇಕು, ಇಲ್ಲವೆ ಮೈಯಲ್ಲಿ ಆರಾಮಿಲ್ಲದಿರಬೇಕು. ದಾರಿಹೋಕ ತನ್ನ ಕೆಲಸ ಬಿಟ್ಟಾದರೂ ಪಕ್ಕದಲ್ಲಿ ಕೂತು, ಎಲೆ ಅಡಿಕೆ ಬಿಚ್ಚಿ, ಅವನು ಎದ್ದು ಮನೆಗೆ ಹೊರಡುವ ತನಕ ಜೊತೆ ಕೊಡಬೇಕು. ಹೀಗಾಗಿ ನಾನು ಕೂತ ಐದು ನಿಮಿಷಕ್ಕೆ ಒಬ್ಬ ಕುರುಬ ಹಿರಿಯ ಬಂದು, ಕೋಲು ಬದಿಗಿಟ್ಟು ಕೂರುತ್ತಿದ್ದ.

“ಯಾಕ್ರಿ ಮಾಸ್ತರ, ಮನ್ಯಾಗ ಏನರ ಆತೇನ್ರಿ?”

“ಏನಿಲ್ಲೋ ಮಾರಾಯಾ, ಸುಮ್ನ ಕುಂತೀನಿ.”

“ಸುಮ್ನ ಯಾರು ಕುಂದರತಾರ್ರಿ? ಹೇಳಬ್ಯಾಡ್ರಿ, ಇರ್ಲಿ. ನಾ ಇಲ್ಲೇ ಕುಂದರತೀನಿ.”

ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಕತ್ತಲಾಗುವ ಹೊತ್ತಿಗೆ ನನ್ನ ಏಕಾಂತದಲ್ಲಿ ಆರೇಳು ಮಂದಿ ಇರುತ್ತಿದ್ದರು. ವಾರದೊಳಗೆ ಸುದ್ದಿ ಮನೆ ಮುಟ್ಟಿತು. ಹುಡುಗನಿಗೆ ಲಗ್ನದ ವಯಸ್ಸಾಯಿತೆಂದು ಹಿರಿಯರು ಅರ್ಥ ಮಾಡಿಕೊಂಡು, ಮುಂದಿನ ಬೇಸಿಗೆಯೊಳಗೆ ಲಗ್ನ ಮಾಡಿಯೇಬಿಟ್ಟರು. ಹದಿನಾಲ್ಕು ಇದ್ದವರು ಹದಿನೈದಾದೆವು. ನನ್ನ ಆಧುನಿಕ ಪ್ರಜ್ಞೆಯಿಂದ ಆ ಮನೆಗೆ ಆದ ಮೊದಲ ಲಾಭ ಇದು.

ಅನುಭವ ದಕ್ಕದಿದ್ದರೇನು, ಕಲ್ಪನೆಯಿದೆಯಲ್ಲ ಎಂದು ಕೊನೆಗೆ ಕವಿತೆ ಬರೆದೇಬಿಟ್ಟೆ. ನಗರದಲ್ಲಿ ಒಬ್ಬನ ತಾಯಿ ಸಾಯುತ್ತಾಳೆ, ಯಾರೂ ಬರುವುದಿಲ್ಲ, ಇದು ವಸ್ತು. ಅದರ ಮೊದಲ ನಾಲ್ಕು ಸಾಲು ಹೀಗಿದ್ದವು:

ಬೆಳಗಿನ ಒಂಬತ್ತಕ್ಕೆ ಅವ್ವ ತೀರಿಕೊಂಡಳು.
ಒಂಬತ್ತೂ ಐದರ ಬಸ್ಸು ಹೊತ್ತಿಗೆ ಸರಿಯಾಗಿ ಬಂತು.
ಎದುರು ಮನೆಯ ಕದ ಅರ್ಧ ತೆರೆದು
ಹಾಲಿನ ಬಾಟಲಿ ಎತ್ತಿಕೊಂಡು ಮುಚ್ಚಿತು.

ಹಾಲಿನ ಬಾಟಲಿಯನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಮುಂಬಯಿಗೆ ಹೋಗಿಬಂದವನೊಬ್ಬ ವರ್ಣಿಸಿದ್ದ. ಹೊತ್ತಿಗೆ ಸರಿಯಾಗಿ ಬರುವ ಬಸ್ಸನ್ನಂತೂ ಜತ್ತ ತಾಲೂಕಿನಲ್ಲಿ ಯಾರೂ ಕಂಡಿರಲಿಲ್ಲ. ಆದರೂ ಕವಿತೆ ಅಚ್ಚಾಯಿತು. ಗಡಿಯಾಚೆಯಿಂದಲೂ ತಮಗೆ ಬರಹಗಾರರಿದ್ದಾರೆ ಎಂದು ತೋರಿಸುವ ಸಂಭ್ರಮದಲ್ಲಿ ಸಂಪಾದಕರು ನನ್ನ ಹೆಸರಿನ ಕೆಳಗೆ ಊರು, ತಾಲೂಕು, ಜಿಲ್ಲೆ ಎಲ್ಲವನ್ನೂ ಸ್ಪಷ್ಟವಾಗಿ ಹಾಕಿಸಿದ್ದರು. ನಾನು ಆ ಪುಟವನ್ನು ಹತ್ತು ಸಲ ಓದಿ, ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ. ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ; ತಿಳಿಯಲಾರದವರು ಎಂದು ನನ್ನ ಭಾವನೆ.

ಉಮದಿಯಲ್ಲಿ ನನ್ನ ಅವ್ವನ ತಂಗಿ ಕಾಶವ್ವ ಇದ್ದಳು, ನನ್ನ ಚಿಗವ್ವ. ಅಕ್ಕ ತಂಗಿ ಇಬ್ಬರೇ ಹುಟ್ಟಿದವರು; ತವರಿನಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಒಬ್ಬಳಿಗೆ ಇನ್ನೊಬ್ಬಳೇ ತವರುಮನೆ. ಅದೇ ಊರಿನಲ್ಲಿ ನನ್ನ ಹಾಗೆಯೇ ಪತ್ರಿಕೆ ತರಿಸುತ್ತಿದ್ದ ಮಾಸ್ತರರೊಬ್ಬರಿದ್ದರು. ತಮ್ಮ ಸೀಮೆಯವನ ಕವಿತೆ ಅಚ್ಚಾಗಿದೆಯೆಂಬ ಅಭಿಮಾನದಿಂದ ಅವರು ಅದನ್ನು ಹಿಟ್ಟಿನ ಗಿರಣಿಯ ಮುಂದೆ, ಜೋಳ ಬೀಸಿಸಲು ಬುಟ್ಟಿ ಹೊತ್ತು ನಿಂತ ಜನರ ನಡುವೆ, ಗಟ್ಟಿಯಾಗಿ ಓದಿದರು. ಗಿರಣಿಯ ಸದ್ದಿನಲ್ಲಿ ಲಯ ಕೇಳಿಸುವಂತಿರಲಿಲ್ಲ. ಮೊದಲು ಕವಿಯ ಹೆಸರು, ಆಮೇಲೆ ಊರು, ಆಮೇಲೆ ಮೊದಲ ಸಾಲು. ಅಲ್ಲೇ ಬುಟ್ಟಿ ಹಿಡಿದು ನಿಂತಿದ್ದ ಚಿಗವ್ವ ಎರಡನೆಯ ಸಾಲಿಗೆ ಕಾಯಲಿಲ್ಲ. ಬುಟ್ಟಿ ಅಲ್ಲೇ ಬಿಟ್ಟು ಮನೆಗೆ ಓಡಿದಳು.

ಕವಿತೆ ಅಚ್ಚಾದ ಮೇಲೆ ಅದು ಕವಿಯದಲ್ಲ, ಓದುಗ ತನಗೆ ತೋಚಿದ ಅರ್ಥ ಮಾಡಿಕೊಳ್ಳಲು ಸ್ವತಂತ್ರ ಎಂದು ಅದೇ ಪತ್ರಿಕೆಯ ವಿಮರ್ಶೆಗಳಲ್ಲಿ ನಾನು ಓದಿ ಮೆಚ್ಚಿ ತಲೆದೂಗಿದ್ದೆ. ಆ ಸ್ವಾತಂತ್ರ್ಯವನ್ನು ಚಿಗವ್ವನಷ್ಟು ಪೂರ್ಣವಾಗಿ ಬಳಸಿಕೊಂಡ ಓದುಗರು ನವ್ಯ ಕಾವ್ಯಕ್ಕೆ ಇನ್ನೊಬ್ಬರು ಸಿಕ್ಕಿರಲಾರರು.

ಮರುದಿನ ಮಧ್ಯಾಹ್ನ. ನಾನು ಊಟಕ್ಕೆಂದು ಶಾಲೆಯಿಂದ ಬಂದು ಕಟ್ಟೆಯ ಮೇಲೆ ಕೂತಿದ್ದೆ. ಓಣಿಯ ತುದಿಯಿಂದ ಹೆಂಗಸರ ಅಳು ಕೇಳಿಸಿತು. ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿಕೊಂಡು ಅಳುತ್ತಾರೆ. ಸತ್ತವರೊಡನೆ ತಾವು ಕಂಡದ್ದು ಉಂಡದ್ದನ್ನೆಲ್ಲ ರಾಗವಾಗಿ ಹೇಳಿಕೊಳ್ಳುತ್ತ ಬರುತ್ತಾರೆ.

“ಒಂದ ಸೀರಿ ಇಬ್ಬರೂ ಉಟ್ಟಿದ್ದೆವಲ್ಲ ನನ್ನಕ್ಕಾ... ನೀ ಉಟ್ಟ ದಿನಾ ನಾ ಒಳಗ ಕುಂತಿದ್ದೆನಲ್ಲ ನನ್ನಕ್ಕಾ... ಇನ್ನ ಸೀರಿ ಬಿಟ್ಟು ಹೋದಿ, ನಾ ಯಾರ ಸಂಗಾಟ ಉಡಲೇ ನನ್ನಕ್ಕಾ...”

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ತಂಗಿಯ ದನಿ ತಿಳಿಯಿತು. ತಂಗಿ ಅಳುತ್ತ ಬಂದಿದ್ದಾಳೆಂದರೆ ಅವಳ ಮನೆಯಲ್ಲೇ ಯಾರೋ ಹೋಗಿರಬೇಕು. ಯಾರು, ಏನು ಎಂದು ಕೇಳುವುದು ಆಮೇಲೆ. ಮೊದಲು ಅಳುವುದು ರೀತಿ. ಅವ್ವ ಹಿಟ್ಟಿನ ಕೈಯಲ್ಲೇ ಸೆರಗು ಕಣ್ಣಿಗೊತ್ತಿಕೊಂಡು, “ಎಂಥಾ ಹೊತ್ತ ಬಂತ ನನ್ನ ತಂಗಿ...” ಎಂದು ಅಳುತ್ತ ಹೊರಗೆ ಓಡಿದಳು. ಚಿಗವ್ವನೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ, ಎದುರು ಬಂದ ಮನೆಯ ಹೆಂಗಸಿನ ಕೊರಳು ಹಿಡಿದಳು. ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು, ಅವ್ವನ ಸಾವಿಗಾಗಿ ಮನಸಾರೆ ಅತ್ತರು. ಚಿಗವ್ವನ ಸಂಗಡ ಬಂದ ಐದಾರು ಮಂದಿಯೂ ಸುತ್ತ ನಿಂತು ಅತ್ತರು. ಎಲ್ಲರಿಗಿಂತ ಮೊದಲು ಸುಮ್ಮನಾದವಳು ಚಿಗವ್ವ. ತಲೆಯೆತ್ತಿ, ತಾನು ಹಿಡಿದ ಕೊರಳು ಯಾರದೆಂದು ನೋಡಿದಳು.

“ಎಕ್ಕಾ... ನೀ ಸತ್ತಿಲ್ಲೇನ?”

“ನಾ ಯಾಕ ಸಾಯ್ಲೇ? ಯಾರು ಸತ್ತಾರ ಹೇಳು ಮೊದ್ಲ!”

ಆಮೇಲಿನ ಕಾಲು ಗಂಟೆಯನ್ನು ವರ್ಣಿಸುವ ಶಕ್ತಿ ನನಗಿಲ್ಲ. ಗಿರಣಿ, ಮಾಸ್ತರು, ಪತ್ರಿಕೆ, ಒಂಬತ್ತು ಗಂಟೆ, ಎಲ್ಲ ಒಂದೊಂದಾಗಿ ಹೊರಬಂದು, ಕಡೆಗೆ ಎಲ್ಲರ ಕಣ್ಣೂ ಕಟ್ಟೆಯ ಮೇಲಿದ್ದ ನನ್ನ ಮೇಲೆ ನಿಂತವು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಾದ್ದರಿಂದ ನೆಂಟರು ರೂಢಿಯಂತೆ ರೊಟ್ಟಿಯ ಗಂಟು, ಕಡಲೆಹಿಟ್ಟಿನ ಜುಣಕದ ಡಬ್ಬಿ ಕಟ್ಟಿಕೊಂಡು ಬಂದಿದ್ದರು. ಅದನ್ನು ತಿರುಗಿ ಒಯ್ಯುವುದು ಅಶುಭ. ಕೂತು ಎಲ್ಲರೂ ಉಂಡರು. ತನ್ನ ಸಾವಿನ ರೊಟ್ಟಿಯನ್ನು ತಾನೇ ಮುರಿದು ಬಾಯಿಗಿಟ್ಟ ಅವ್ವ, ಜುಣಕಕ್ಕೆ ಉಪ್ಪು ಕಡಿಮೆ ಎಂದಳು.

ನನ್ನ ಮಾನ ಉಳಿಸಿದವನು ಅಪ್ಪ. ನಮ್ಮಲ್ಲಿ ಕಾಗೆ ಬಂದು ತಲೆಗೆ ಬಡಿದರೆ ಕೇಡೆಂದು ಎಣಿಕೆ. ಆಗ ಬಡಿಸಿಕೊಂಡವರು ಸತ್ತರೆಂದು ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸುತ್ತಾರೆ. ಅವರು ನಿಜವೆಂದು ನಂಬಿ ನಾಲ್ಕು ಹನಿ ಕಣ್ಣೀರು ಹಾಕಿದರೆ ಆ ಕೇಡು ತೊಳೆದುಹೋಗುತ್ತದೆ. ಅಪ್ಪ ಮೀಸೆಯ ಮೇಲೆ ಕೈಯಾಡಿಸಿ, ತಣ್ಣಗೆ ಹೇಳಿದ:

“ಮೆಣಸಿನಕಾಯಿ ಒಣಗಸಾಕ ಮ್ಯಾಲ ಹೋದಾಗ ಅಕಿಗೆ ಕಾಗಿ ಬಡದಿತ್ರಿ. ಒಬ್ಬೊಬ್ಬರಿಗೆ ಎಲ್ಲಿ ಪತ್ರ ಬರಕೋತ ಕುಂದ್ರೂದು ಅಂತ ನಮ್ಮ ಮಾಸ್ತರ ಅಚ್ಚs ಹಾಕಿಸಿಬಿಟ್ಟ.”

ನೆಂಟರ ಮುಖ ಅರಳಿತು. ಸಾಲಿ ಕಲಿತವನ ಬುದ್ಧಿಯೇ ಬುದ್ಧಿ ಎಂದು ಒಬ್ಬರು ಬೆನ್ನು ತಟ್ಟಿದರು. ನಾಡಿನ ಕಾವ್ಯಪ್ರೇಮಿಗಳೆಲ್ಲ ಓದಿರುವುದರಿಂದ ಇನ್ನು ಅವ್ವನಿಗೆ ನೂರು ವರ್ಷ ಭಯವಿಲ್ಲವೆಂದು ಇನ್ನೊಬ್ಬರು ಲೆಕ್ಕ ಹಾಕಿದರು. ನನ್ನ ಕವಿತೆಗೆ ಸಿಕ್ಕ ವಿಮರ್ಶೆಗಳಲ್ಲಿ ಇಷ್ಟು ಅನುಕೂಲವಾದದ್ದು ಮುಂದೆ ಎಂದೂ ಸಿಗಲಿಲ್ಲ.

ನಂಬದೆ ಉಳಿದವಳು ಚಿಗವ್ವ ಒಬ್ಬಳು. ಸಂಜೆ ಬಸ್ಸಿಗೆ ಬಿಡಲು ಹೋದಾಗ ಅವಳು ದಾರಿಯಲ್ಲಿ ನಿಂತು ಕೇಳಿದಳು: “ತಮ್ಮಾ, ಖರೇನ ಕಾಗಿ ಬಡದಿತ್ತೇನ?”

ಸುಳ್ಳು ಹೇಳಿ ಮುಗಿಸಬಹುದಿತ್ತು. ಆದರೆ ಆಗ ನನಗೆ ಕಲಾವಿದನ ಪ್ರಾಮಾಣಿಕತೆಯ ಜ್ವರ. ಇಲ್ಲವೆಂದೆ. ಕವಿತೆಯೊಳಗಿನ ‘ನಾನು’ ನಾನಲ್ಲ, ಅಲ್ಲಿನ ಅವ್ವ ನಮ್ಮವ್ವನಲ್ಲ, ನಗರದಲ್ಲಿ ಮನುಷ್ಯ ಹೇಗೆ ಯಾರಿಗೂ ಬೇಡವಾಗುತ್ತಾನೆ ಎಂಬುದಕ್ಕೆ ಅದೊಂದು ಸಂಕೇತ ಎಂದು ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಅಲ್ಲಪ್ಪಾ, ಸಾಯಸಾಕ ನಿಮ್ಮವ್ವನs ಬೇಕಾಗಿದ್ಲೇನ? ಗಿರಣಿ ಮುಂದ ಬುಟ್ಟಿ ಬಿಟ್ಟು ಓಡೀನಿ. ಉಮದಿಯಿಂದ ಜತ್ತ, ಜತ್ತದಿಂದ ಯಳವಿ, ಹಾದಿತುಂಬ ಅಳಕೋತ ಬಂದೀನಿ. ನಾ ಇನ್ನ ತವರಿಲ್ಲದಾಕಿ ಆದೆ ಅಂತ ಅತ್ತೀನಿ. ಅದಕ್ಕ ನೀ ಏನೋ ಸಂಕೇತ ಅಂತೀ.” ಬಸ್ಸು ಹತ್ತಿ, ಕಿಟಕಿಯಿಂದ ಇನ್ನೊಂದು ಮಾತು ಹೇಳಿದಳು: “ಇನ್ನ ಮ್ಯಾಲ ನೀ ಬರದದ್ದು ನಾ ನಂಬಂಗಿಲ್ಲ. ಖರೇನ ಬರದರೂ ನಂಬಂಗಿಲ್ಲ.”

ನನಗೆ ಆಗ ಆ ಮಾತಿನ ತೂಕ ತಿಳಿಯಲಿಲ್ಲ. ಹಳ್ಳಿಯ ಹೆಂಗಸು, ಕಾವ್ಯ ತಿಳಿಯದು ಎಂದುಕೊಂಡೆ. ಆದರೆ ಆಮೇಲೆ ಬರೆಯಲು ಕೂತಾಗಲೆಲ್ಲ ಆ ಸೀರೆಯ ಸಾಲು ಅಡ್ಡ ಬರತೊಡಗಿತು. ಇಬ್ಬರಿಗೆ ಒಂದೇ ಒಳ್ಳೆಯ ಸೀರೆ. ಒಬ್ಬಳು ಉಟ್ಟು ಹೊರಗೆ ಹೋದರೆ ಇನ್ನೊಬ್ಬಳು ಒಳಗೆ ಕೂರಬೇಕು. ಬಡತನ ಇದೆ, ಅದರಲ್ಲಿ ಪ್ರೀತಿ ಇದೆ, ಒಳಗೆ ಕೂತವಳ ಒಂಟಿತನವೂ ಇದೆ. ಮತ್ತು ಇದೆಲ್ಲವನ್ನೂ ಆಕೆ ಬಸ್‌ಸ್ಟ್ಯಾಂಡಿನಿಂದ ನಮ್ಮ ಓಣಿಗೆ ನಡೆದು ಬರುವಷ್ಟರಲ್ಲಿ ಕಟ್ಟಿದ್ದಳು. ನಾನು ಹಾಲಿನ ಬಾಟಲಿಗೆ ಮೂರು ವಾರ ತೆಗೆದುಕೊಂಡಿದ್ದೆ. ನಮ್ಮ ಮನೆತನದ ಕವಿ ಯಾರೆಂಬ ಬಗ್ಗೆ ನನಗೆ ಅನುಮಾನ ಶುರುವಾದದ್ದು ಹೀಗೆ. ಅನುಮಾನ ಬಂದರೂ ಬರೆಯುವುದನ್ನು ಬಿಡಲಿಲ್ಲ, ಅದು ನವ್ಯರ ಲಕ್ಷಣವೆಂದೇ ಸಮಾಧಾನ ಮಾಡಿಕೊಂಡೆ.

ಎಂಟೊಂಬತ್ತು ವರ್ಷ ಕಳೆದವು. ಅವ್ವನಿಗೆ ಎದೆಯ ಬೇನೆ ಹತ್ತಿ, ಜತ್ತದ ಡಾಕ್ಟರು ಮಿರಜಕ್ಕೆ ಒಯ್ಯಿರಿ ಎಂದರು. ಮಿರಜ ನಮ್ಮ ಪಾಲಿನ ಮಹಾನಗರ. ನಾನು ಹದಿನೈದು ದಿನ ದವಾಖಾನೆಯಲ್ಲಿ ಅವ್ವನ ಕಾಟಿನ ಪಕ್ಕ ನೆಲದ ಮೇಲೆ ಮಲಗಿದೆ. ಕೊನೆಗೂ ನಗರ, ಕೊನೆಗೂ ಅಪರಿಚಿತರ ಗುಂಪು. ಆದರೆ ಮೊದಲ ಸಂಜೆಯೊಳಗೆ ಆ ಸಾಲಿನ ಇಪ್ಪತ್ತು ಕಾಟುಗಳ ಹೆಂಗಸರಿಗೆ ಅವ್ವನ ಊರು, ಮಕ್ಕಳು, ರೋಗ ಎಲ್ಲ ಗೊತ್ತಾಗಿಹೋಗಿತ್ತು. ಮಗ್ಗುಲ ಕಾಟಿನ ಮರಾಠಿ ಮುದುಕಿ ತನ್ನ ಗಂಜಿಯಲ್ಲಿ ಅರ್ಧ ಅವ್ವನಿಗೆ ಕೊಡುತ್ತಿದ್ದಳು. ಗೋಡೆಯಾಚೆ ಕೆಮ್ಮುವವರ ಹೆಸರು ಗೊತ್ತಿಲ್ಲದ ನಗರ ಇದ್ದೀತು, ನಾನು ಇಲ್ಲವೆನ್ನುವುದಿಲ್ಲ. ಮಿರಜದ ಹೆಂಗಸರ ವಾರ್ಡು ಮಾತ್ರ ಅದರಲ್ಲಿ ಸೇರಿರಲಿಲ್ಲ.

ಇಷ್ಟು ಮಂದಿ ಇದ್ದರೂ ಅವ್ವನ ಕಣ್ಣು ಬಾಗಿಲಿಗೇ. “ಕಾಶಿ ಬರಲಿಲ್ಲೇನು?” ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ನಾನು ಉಮದಿಗೆ ಕಾರ್ಡು ಬರೆದೆ: ಅವ್ವನಿಗೆ ಭಾಳ ಜಡ್ಡಾಗಿದೆ, ಕೂಡಲೇ ಬಾ. ನಾಲ್ಕು ದಿನ ಕಾದು ಇನ್ನೊಂದು ಬರೆದೆ. ಉತ್ತರವಿಲ್ಲ. ಉಮದಿಯಿಂದ ದವಾಖಾನೆಗೆ ಬಂದವರೊಬ್ಬರು ನಗುತ್ತ ಹೇಳಿದರು: “ಕಾಶವ್ವ ಎರಡೂ ಕಾರ್ಡ ಓದಿಸಿ ಗ್ವಾಡಿ ಮಾಡದಾಗ ಇಟ್ಟಾಳ್ರಿ. ‘ನಮ್ಮಕ್ಕನ ಮಗ ಮತ್ತ ಕವಿತಾ ಬರದಾನ’ ಅಂತಾಳ.”

ಜೀವನದಲ್ಲಿ ನಾನು ಬರೆದ ಅತ್ಯಂತ ನಿಜವಾದ ಎರಡು ಸಾಲು ಅವು. ಅವನ್ನು ನಂಬಬೇಕಾದ ಒಬ್ಬಳೇ ಒಬ್ಬ ಓದುಗಿ ನಂಬಲಿಲ್ಲ. ಅವ್ವ ಕೇಳಿದಾಗ ಸುಳ್ಳು ಹೇಳಲಾರದೆ ಇದ್ದದ್ದನ್ನು ಹೇಳಿದೆ. ಅವಳಿಗೆ ಸಿಟ್ಟು ಬರಲಿಲ್ಲ.

“ನೀ ಬರದರ ಬರೂದಿಲ್ಲ ಅಕಿ. ಹೋಗಿ ಕರಕೊಂಡು ಬಾ. ಅಕಿನ್ನ ನೋಡದs ನಾ ಹ್ಯಾಂಗ ಹೋಗ್ಲೋ?”

ಮರುದಿನ ಊರಿನಿಂದ ಬಂದಿದ್ದ ಕಾಕುವನ್ನು ಅವ್ವನ ಬಳಿ ಬಿಟ್ಟು ಮೊದಲ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ನಾನು ಹೋಗಿಬರುವಷ್ಟರಲ್ಲಿ ಅವ್ವ ಹೋದರೆ? ತಂಗಿಯನ್ನು ನೋಡದೆ ಹೋದರೆ ಅದು ನನ್ನ ಕೈಯಿಂದಲೇ ಆದದ್ದು, ಬೇರೆ ಯಾರನ್ನೂ ಬೈಯುವಂತಿರಲಿಲ್ಲ. ಉಮದಿ ಮುಟ್ಟಿದಾಗ ನಡುಹಗಲು. ನಾನು ಬಂದ ಬಸ್ಸೇ ತಿರುಗಿ ಜತ್ತಕ್ಕೆ ಹೊರಡುವುದಿತ್ತು. ಡ್ರೈವರು ಚಹಾ ಕುಡಿಯಲು ಇಳಿದಿದ್ದ. ಓಡುತ್ತ ಚಿಗವ್ವನ ಮನೆಯ ಮುಂದೆ ಹೋಗಿ ನಿಂತೆ. ಅವಳು ನೋಡಿ, ಒಳಗೆ ಬಾ ಎಂದಳು. ಹೊತ್ತಿಲ್ಲ, ಬರುವುದಿಲ್ಲ ಎಂದೆ. ಬಿಸಿಲಾಗ ಬಂದೀ, ನೀರರ ಕುಡಿ ಎಂದು ತಂಬಿಗೆ ಹಿಡಿದು ಬಂದಳು. ಬ್ಯಾಡ ಎಂದೆ.

ಅವಳ ಕೈಯ ತಂಬಿಗೆ ಅಲ್ಲೇ ನಿಂತಿತು. ಸಾವಿನ ಸುದ್ದಿ ಒಯ್ದವನು ಆ ಮನೆಯ ಹೊಸ್ತಿಲು ದಾಟುವುದಿಲ್ಲ, ಆ ಮನೆಯ ನೀರು ಮುಟ್ಟುವುದಿಲ್ಲ. ಇದು ನಮ್ಮ ಸೀಮೆಯಲ್ಲಿ ಎಳೆಯ ಕೂಸಿಗೂ ಗೊತ್ತು. ಅವಸರದಲ್ಲಿ ನಾನು ಅದನ್ನು ಮರೆತಿದ್ದೆ. ಚಿಗವ್ವ ತಂಬಿಗೆ ನೆಲಕ್ಕಿಟ್ಟು, ಸೆರಗು ಬಾಯಿಗೆ ಹಿಡಿದಳು.

“ಚಿಗವ್ವಾ, ಹಂಗಲ್ಲ, ಅವ್ವ ಇದ್ದಾಳ! ಜೀವಂತ ಇದ್ದಾಳ! ನಿನ್ನ ಕರಿಯಾಕತ್ತಾಳ!”

“ಬದಕಿದ್ದಾಗ ಸತ್ತಾಳ ಅಂತ ಅಚ್ಚ ಹಾಕಿಸ್ದಿ. ಸತ್ತಾಗ ಬದಕ್ಯಾಳ ಅಂತ ಹೇಳಾಕ ಬಂದಿ. ನಿನ್ನ ಬಾಯಾಗ ಒಂದರ ಖರೆ ಐತೇನೋ?”

ಉಟ್ಟ ಸೀರೆಯಲ್ಲೇ ಹೊರಟುಬಂದಳು. ಬಸ್ಸಿನಲ್ಲಿ ಕೂತವಳೇ ಹಾಡ್ಯಾಡಿಕೊಂಡು ಅಳತೊಡಗಿದಳು. ಸೀರೆಯಿಂದ ಶುರುವಾಗಿ, ತವರಿನ ಬಾವಿ, ಇಬ್ಬರೂ ಸೇರಿ ಸಾಕಿದ ಕರು, ಅಕ್ಕ ಲಗ್ನವಾಗಿ ಹೋದ ದಿನ ತಾನು ಗಾಡಿಯ ಹಿಂದೆ ಓಡಿದ್ದು. ನಾನು ನಡುನಡುವೆ “ಅವ್ವ ಸತ್ತಿಲ್ರಿ” ಎಂದು ಸುತ್ತಲಿನವರಿಗೆ ಹೇಳಲು ನೋಡಿದೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, ದುಃಖಕ್ಕೆ ಹುಡುಗನ ತಲೆ ಕೆಟ್ಟಿದೆ ಎಂಬಂತೆ, “ಆಗಲಿ, ಆಗಲಿ, ಸಮಾಧಾನ ಮಾಡ್ಕೊರಿ” ಎಂದರು. ಎದುರು ಸೀಟಿನ ಹೆಂಗಸು ಯಾರೋ ಏನೋ, ತನ್ನ ಸತ್ತ ಅಕ್ಕನನ್ನು ನೆನೆದು ಜೊತೆಗೂಡಿದಳು. ಜತ್ತದಲ್ಲಿ ಬಸ್ಸು ಬದಲಿಸಿದೆವು. ಅಲ್ಲೂ ಹೊಸ ಜನ, ಹೊಸ ಕಣ್ಣೀರು. ಕನ್ನಡ ತಿಳಿಯದ ಕಂಡಕ್ಟರ್ ಟೋಪಿ ತೆಗೆದು ನಿಂತ. ಬಸ್ಸಿನ ನೂಕುನುಗ್ಗಲಿನಲ್ಲಿ ಮನುಷ್ಯ ಎಷ್ಟು ಒಂಟಿ ಎಂದು ನಾನು ಓದಿದ ಕವಿತೆಗಳೆಷ್ಟೋ. ಆ ದಿನ ಆ ಎರಡು ಬಸ್ಸುಗಳಲ್ಲಿ ಒಂಟಿಯಾಗಿದ್ದವನು ನಾನೊಬ್ಬನೇ, ಕಾರಣ ನಿಜ ಗೊತ್ತಿದ್ದವನೂ ನಾನೊಬ್ಬನೇ.

ಮಿರಜ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ವಾರ್ಡಿನ ಬಾಗಿಲ ತನಕ ಚಿಗವ್ವನ ದನಿ ಇಳಿಯಲಿಲ್ಲ. ನರ್ಸು ಅಡ್ಡ ಬಂದಳು, ನಿಲ್ಲಿಸಲಾಗಲಿಲ್ಲ. ಕಾಟಿನ ಕಡೆ ನೋಡುವ ಧೈರ್ಯವಾಗಲಿಲ್ಲ. ಆಗ ಒಳಗಿನಿಂದ ಸಣ್ಣ ದನಿ ಬಂತು.

“ಬಾರs ಕಾಶಿ. ಇನ್ನೂ ಸತ್ತಿಲ್ಲ.”

ಚಿಗವ್ವ ನಿಂತಲ್ಲೇ ನಿಂತಳು. ಹೋಗಿ ಕಾಟಿನ ಮೇಲೆ ಕೂತು, ಅಕ್ಕನ ಮುಖ ಕೈ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ಇಬ್ಬರೂ ನಗತೊಡಗಿದರು. ಎದೆ ನೋಯುತ್ತದೆ, ನಗಿಸಬ್ಯಾಡ ಎಂದು ಅವ್ವ ಹೇಳುವಷ್ಟು ನಕ್ಕರು. ಮಗ್ಗುಲ ಕಾಟಿನ ಮುದುಕಿ ಏನೂ ತಿಳಿಯದಿದ್ದರೂ ನಕ್ಕಳು. ನಗು ನಿಂತ ಮೇಲೆ ಅವ್ವ, “ಆ ಸೀರಿದು ಇನ್ನೊಮ್ಮೆ ಹೇಳs” ಎಂದಳು. ಬದುಕಿರುವ ಅಕ್ಕನ ಕೈ ಹಿಡಿದು ಚಿಗವ್ವ ಮೆಲ್ಲಗೆ, ಜೋಗುಳದ ಹಾಗೆ, ಅವಳ ಸಾವಿನ ಹಾಡನ್ನು ಹೇಳಿದಳು. ಅವ್ವ ಕಣ್ಣು ಮುಚ್ಚಿ ಕೇಳಿದಳು, ನಡುವೆ ಒಂದೆಡೆ ತಿದ್ದಿದಳು ಕೂಡ: ಗಾಡಿಯ ಹಿಂದೆ ಓಡಿದ್ದು ಹಳ್ಳದ ತನಕ ಅಲ್ಲ, ಹಳ್ಳ ದಾಟಿ ಹುಣಸಿ ಗಿಡದ ತನಕ. ಹಾಡು ಮುಗಿದ ಮೇಲೆ ನನ್ನ ಕಡೆ ಬೆರಳು ತೋರಿಸಿ, ತಂಗಿಗೆ ಹೇಳಿದಳು:

“ನೀ ಎರಡ ಸಲ ಅತ್ತಿ. ಬಸ್ಸಿನ ಮಂದಿ ಅತ್ರು. ನನ್ನ ಸಾಯ್ಸಿದಂವಾ ಇಂವಾ ಒಬ್ಬ ಅಳಲಿಲ್ಲ ನೋಡು.”

ಚೇಷ್ಟೆಗೆ ಹೇಳಿದ್ದು. ನಾನೂ ನಕ್ಕೆ. ನಗುತ್ತ ಹೊರಗೆ ಹೋಗಿ, ಮುಖ ತೊಳೆದುಕೊಂಡು ಬಂದೆ. ಓದಿದವನು, ನಾಲ್ಕು ಜನರೆದುರು ಅಳಬಾರದೆಂದು ಆಗ ನನ್ನ ನಂಬಿಕೆ. ನಾನು ಮೆಚ್ಚಿದ ಕವಿತೆಗಳಲ್ಲಿಯೂ ಯಾರೂ ದನಿ ತೆಗೆದು ಅಳುತ್ತಿರಲಿಲ್ಲ.

ಇನ್ನು ಮನೆಯಲ್ಲೇ ಇರಲಿ ಎಂದು ಡಾಕ್ಟರು ಹೇಳಿದ ಮೇಲೆ ಅವ್ವನನ್ನು ಯಳವಿಗೆ ಕರೆತಂದೆವು. ಚಿಗವ್ವ ಉಮದಿಗೆ ತಿರುಗಿ ಹೋಗಲಿಲ್ಲ. ಹನ್ನೊಂದು ದಿನ ಅಕ್ಕ ತಂಗಿ ಒಂದೇ ಕಂಬಳಿಯಲ್ಲಿ ಮಲಗಿ ಗುಸುಗುಸು ಮಾತಾಡಿದರು. ಹನ್ನೆರಡನೆಯ ದಿನ ಬೆಳಿಗ್ಗೆ, ಚಿಗವ್ವ ಗುಟುಕು ಚಹಾ ಕುಡಿಸುತ್ತಿದ್ದಾಗ, ಅವ್ವ ಹೋದಳು.

ಓಣಿಯ ಹೆಂಗಸರು ಬಂದು ಕೂಡಿದರು. ಎಲ್ಲರೂ ಚಿಗವ್ವನ ದನಿಗೆ ಕಾದರು, ಒಡಹುಟ್ಟಿದವಳು ಎತ್ತಿಕೊಟ್ಟ ಮೇಲೆ ತಾವು ಕೂಡಿಕೊಳ್ಳಬೇಕೆಂದು. ಅವಳು ಅಕ್ಕನ ತಲೆಯ ಬಳಿ ಕೂತು, ಕೂದಲು ಹಿಕ್ಕುತ್ತಲೇ ಇದ್ದಳು. ಇದೇನವ್ವಾ, ಬೆನ್ನಿಗೆ ಬಿದ್ದಾಕಿ ಅಳವೊಲ್ಲಿ ಎಂದು ಯಾರೋ ಕೇಳಿಯೇಬಿಟ್ಟರು.

“ಅಕಿ ಕೇಳೂವಾಗs ಅತ್ತೀನಿ, ಎರಡ ಸಲ,” ಎಂದಳು ಚಿಗವ್ವ. “ಅಕಿ ಕೇಳಿ, ತಪ್ಪಿದ್ದು ತಿದ್ದ್ಯಾಳ. ಈಗ ಯಾರಿಗೆ ಕೇಳಸಲಿ?”

ನಾನು ಬಾಗಿಲಲ್ಲಿ ನಿಂತಿದ್ದೆ. ಬರೆದು ಒಮ್ಮೆ ಕೊಂದು, ಬರೆದು ಒಮ್ಮೆ ನಂಬಿಸಲಾರದೆ, ಈಗ ಬರೆಯಲು ಏನೂ ಉಳಿಯದೆ ನಿಂತವನನ್ನು ಚಿಗವ್ವ ತಲೆಯೆತ್ತಿ ನೋಡಿದಳು. ಕೈ ಮಾಡಿ ಕರೆದು, ಪಕ್ಕದಲ್ಲಿ ಕೂರಿಸಿಕೊಂಡಳು. “ನೀ ಅಳು ತಮ್ಮಾ. ನಿಂದು ಬಾಕಿ ಐತಿ.”

ದನಿ ತೆಗೆದು ಅತ್ತೆ. ಕೇಳಬೇಕಾದವಳೊಬ್ಬಳನ್ನು ಬಿಟ್ಟು, ಯಳವಿಗೆಲ್ಲ ಕೇಳಿತು.